ಉಡಿ ತುಂಬಿಸಿಕೊಂಡ ದೋಣಿ

೧೮ ಸೆಪ್ಟೆಂಬರ್ ೧೯೭೯, ಬೆಳಗಾವಿ
ಸತ್ಯಸ್ಯ ಸತ್ಯ ಒಪ್ಪಿಕೊಳ್ಳುತ್ತೇನೆ: ಇಂದು ಮಧ್ಯಾಹ್ನ ಮೂರಕ್ಕೆ ಪ್ರಿನ್ಸಿಪಾಲರ ಕೋಣೆಯ ಪರದೆಯ ಕೋಲು ಕದ್ದೆ. ಪರದೆಯನ್ನು ನೀಟಾಗಿ ಮಡಿಚಿ ಅವರ ಕುರ್ಚಿಯ ಮೇಲಿಟ್ಟೆ — ಸಂಸ್ಕಾರವಂತ ಕಳ್ಳ. ಸಮದ ಅದರ ಎರಡೂ ತುದಿಗೆ ಹಲಗೆ ಬಡಿದು ಹುಟ್ಟು ಮಾಡಿದ. ಕ್ಯಾಂಪ್ ಪೇಟೆಯಲ್ಲಿ ತಾಡಪತ್ರಿ ಹೊಲಿಯುವವನು. ಬಿದಿರಿಗೆ ಕ್ಯಾನ್‌ವಾಸ್ ಹೊಲಿದು ಇಬ್ಬರು ಕೂಡುವ ಕಯಾಕ್ ದೋಣಿ ಕಟ್ಟಿದ್ದೂ ಅವನೇ. ಅಂತೂ ಹುಟ್ಟು ಸಿಕ್ಕಿತು. ನದಿಯಲ್ಲಿ ಸಾವು ಸಿಗದಿದ್ದರೆ ಸಾಕು.

೨೨ ಸೆಪ್ಟೆಂಬರ್
ಕೂತಲ್ಲಿ ಕೂರಲಾಗುತ್ತಿಲ್ಲ. ಅಂಧ ಹುಡುಗಿಯರ ಹಾಸ್ಟೆಲಿನಲ್ಲಿ ಜೋಳ ಮುಗಿಯುತ್ತ ಬಂದಿದೆ. ಖಾನಾಪುರದಿಂದ ಮುನವಳ್ಳಿಯವರೆಗೆ ಮಲಪ್ರಭೆಯಲ್ಲಿ ಹೋದರೆ ಹಾಸ್ಟೆಲಿಗೆ ವರ್ಷದ ಜೋಳ ತಾವು ಕೊಡುವುದಾಗಿ ಧಾನ್ಯದ ವ್ಯಾಪಾರಿ ಶಾಂತಿನಾಥರ ಮಾತು.
"ಪೂರಾ ನೀರಾಗ ಹೋಗಬೇಕ್ರಿ ಮಾಸ್ತರ. ನಡುವ ಬಸ್ ಹತ್ತಿದ್ರಿ ಅಂದ್ರ ಒಂದ ಕಾಳೂ ಇಲ್ಲ."
"ಗಾಲಿ ಅಂಬೋದನ್ನ ಕಣ್ಣೆತ್ತಿ ನೋಡಂಗಿಲ್ರಿ," ಅಂದೆ. ಇಡೀ ಸ್ಟಾಫ್‌ರೂಮಿನ ಎದುರು.

೩ ಅಕ್ಟೋಬರ್, ಖಾನಾಪುರ, ಬೆಳಿಗ್ಗೆ ೭
ಹೊರಟೆವು. ದಂಡೆಯಲ್ಲಿ ಜನ. ಬಟ್ಟೆ ಒಗೆಯುತ್ತಿದ್ದವಳೊಬ್ಬಳು ಎಲ್ಲಿಗೆಂದು ಕೇಳಿದಳು. ಮುನವಳ್ಳಿಗೆ ಅಂದೆ.
"ಅಯ್ಯ, ಬಸ್ ಅದ ಅಲ್ರಿ!"

ಸಂಜೆ
ಸಮದನ ವರದಿ: "ಸರ, ಬಾಯಿ ಆಡ್ಸಿದಷ್ಟು ಕೈ ಆಡ್ಸಿದ್ರ ಇಷ್ಟೊತ್ತಿಗೆ ಸಮುದ್ರಾನ ಮುಟ್ಟತಿದ್ವಿ."

೪ ಅಕ್ಟೋಬರ್, ಪಾರಿಶ್ವಾಡದ ಹತ್ತಿರ
ದಂಡೆಯಲ್ಲಿ ಸಾತವ್ವ ಎಂಬ ಮುದುಕಿ, ಹಿಂದೆ ಹತ್ತು ಹೆಂಗಸರು. ದೋಣಿ ಹೆಣ್ಣಂತೆ. ಎಲ್ಲವ್ವನ ಗುಡ್ಡದ ಕಡೆ ಹೊರಟಿದ್ದಾಳಂತೆ. ಬರಿಗೈಲಿ ಕಳಿಸುವುದುಂಟೆ? ಅರಿಷಿಣ, ಕುಂಕುಮ, ಕುಬಸದ ಖಣ, ಕೊಬ್ಬರಿ ಬಟ್ಟಲು, ಮೇಲೆ ಅಕ್ಕಿ — ಒಬ್ಬೊಬ್ಬರೂ ಐದೈದು ಸಲ.
"ಸರ, ನೀರು ಒಳಗ ಬರಾಕತ್ತೈತ್ರಿ," ಸಮದ ಪಿಸುಗುಟ್ಟಿದ.
"ಆಯಿ, ಸ್ವಲ್ಪ ಕೆಳಗ ಇಳಸ್ಲೇನು?"
"ತುಂಬಿದ ಉಡಿ ದಂಡಿ ಮ್ಯಾಲ ಚೆಲ್ಲತಾರೇನೋ ತಮ್ಮಾ? ಎಷ್ಟ ಸಾಲಿ ಕಲ್ತೀದಿ ನೀ?"
ಎಂ.ಎ. ಅನ್ನುವ ಧೈರ್ಯವಾಗಲಿಲ್ಲ. ಮೊಣಕಾಲವರೆಗೆ ನೀರು. ಸಾತವ್ವ ಇನ್ನೂ ಏನೋ ಹೇಳುತ್ತಿದ್ದಾಳೆ...

೯ ಅಕ್ಟೋಬರ್, ಮುನವಳ್ಳಿ
ತಲುಪಿದೆವು! ಹಾರ, ಹಲಗೆಯ ಸದ್ದು, ಪೇಢೆ. ಪತ್ರಿಕೆಯವನಿಗೆ ಹೇಳಿದೆ: "ಏಳು ದಿನ. ದೋಣಿ ಬಿಟ್ಟು ಕದಲಿಲ್ಲ." ಶಾಂತಿನಾಥರು ಬೆನ್ನು ತಟ್ಟಿದರು. ಫೋಟೋದಲ್ಲಿ ಸಮದ ಮಾತ್ರ ಕಾಲ ಹೆಬ್ಬೆರಳು ನೋಡುತ್ತಿದ್ದಾನೆ.

೧೨ ಅಕ್ಟೋಬರ್, ಬೆಳಗಾವಿ
ಹಾಸ್ಟೆಲಿನಲ್ಲಿ ಸತ್ಕಾರ. ಹೊರಗೆ ಮೊದಲ ಲಾರಿಯಿಂದ ಜೋಳದ ಚೀಲ ಇಳಿಯುತ್ತಿದ್ದವು. ಸಂಗೀತ ಕಲಿಸುವ ಬಿಲ್ಕೀಸ ಟೀಚರಿಗೂ ಕಣ್ಣು ಕಾಣದು. ಅಭಿನಂದಿಸಲು ಕೈ ಹಿಡಿದವರು ಬಿಡಲಿಲ್ಲ. ಹೆಬ್ಬೆರಳಿನಿಂದ ಅಂಗೈ ಸವರಿದರು.
"ಸರ, ಏಳ ದಿನ ಹುಟ್ಟ ಹಾಕಿದ ಕೈಯಾಗ ಒಂದೂ ಬೊಕ್ಕಿ ಇಲ್ಲಲ್ರಿ! ಎಷ್ಟ ಮೆತ್ತಗ ಅದ."
"ಎಣ್ಣಿ ಹಚ್ಚಿದ್ದೆ..."
"ಯಾ ಎಣ್ಣಿರಿ? ನಮ್ಮ ರೊಟ್ಟಿ ಬಡಿಯೋ ಕರೀಮುನ್ನಿಸಾಗೂ ಬೇಕಾಗಿತ್ತು."
ನಕ್ಕರು. ನಾನೂ ನಕ್ಕೆ — ತುಸು ತಡವಾಗಿ.

೧೪ ಅಕ್ಟೋಬರ್
ಎದ್ದರೆ ಕೂರಬೇಕು, ಕೂತರೆ ಏಳಬೇಕು. ನಾಳೆ ಎರಡನೆಯ ಲಾರಿ. ಶಾಂತಿನಾಥರಿಗೆ ಹೇಳಿದರೆ ಹುಡುಗಿಯರ ರೊಟ್ಟಿಗೆ ಕಲ್ಲು. ಹೇಳದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಅವತ್ತು ಸಾತವ್ವ ಅಂದಿದ್ದು: "ಉಡಿ ತುಂಬಿದ ಮಗಳನ್ನ ಊರ ಸೀಮಿ ತನಕ ಗಾಡ್ಯಾಗ ಕಳಸೂದು ನಮ್ಮ ರೂಢಿ. ಹೊಳ್ಯಾಗ ಮುಳುಗಸ್ತೀಯೇನು?" ಸೀಮೆಯಲ್ಲಿ ಮುಂದಿನ ಊರಿನ ಹೆಂಗಸರು ಕಾದಿದ್ದರು. ಮತ್ತೆ ಉಡಿ, ಅವರ ಗಾಡಿ. ಅದರ ಮುಂದಿನ ಊರು... ಹೀಗೆಯೇ ಮುನವಳ್ಳಿಯ ಹಿಂದಿನ ತಿರುವಿನವರೆಗೆ. ಸಮದ ಗಾಡಿಯ ಹಿಂದೆ ನಡೆದೇ ಬಂದ. ನಾನು ಒಂದು ಸಲವೂ ಬೇಡ ಅನ್ನಲಿಲ್ಲ. ದೋಣಿ ಬಿಟ್ಟು ಕದಲಲಿಲ್ಲ ಅಂದದ್ದು ಖರೆ. ಹುಟ್ಟು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಅದರಲ್ಲೇ ಕೂತಿದ್ದೆ. ದೋಣಿ ಮಾತ್ರ ಉಳಿದ ಐದೂ ದಿನ ಚಕ್ಕಡಿಯ ಮೇಲೆ—