ಅಮಾನತಾದ ಲೈಸೆನ್ಸು, ಜಪ್ತಿಯಾದ ಡಬ್ಬಿ

ಶಿರಾ
ಜುಲೈ 10, 2024

ಸೌಭಾಗ್ಯವತಿ ನರಸಮ್ಮನಿಗೆ,

ಆಶೀರ್ವಾದ ಮಾಡೋಣವೆಂದರೆ ಆ ಅಧಿಕಾರ ಇನ್ನೂ ನನ್ನ ಬಳಿ ಉಳಿದಿದೆಯೋ ಇಲ್ಲವೋ ತಿಳಿಯದು. ಕ್ಷೇಮ ಕೇಳೋಣವೆಂದರೆ, ಎರಡು ವರ್ಷ ಕೇಳದವನು ಈಗೇಕೆ ಕೇಳುತ್ತಿದ್ದಾನೆ ಎಂದು ನಿನಗೆ ಅನುಮಾನ ಬರುತ್ತದೆ. ಆದ್ದರಿಂದ ಎರಡನ್ನೂ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡ ಈಗ ಆರೋಪಿ.

ಗಾಬರಿಯಾಗಬೇಡ. ಕೊಲೆ, ಸುಲಿಗೆಯಂಥ ದೊಡ್ಡ ಕೆಲಸಗಳು ನನ್ನಿಂದಾಗುವುದಿಲ್ಲವೆಂದು ನೀನೇ ಎಷ್ಟೋ ಸಲ ಹೇಳಿದ್ದೀಯ. ಲೈಸೆನ್ಸ್ ಅಮಾನತಿನಲ್ಲಿದ್ದಾಗ ಗಾಡಿ ಓಡಿಸಿದೆ ಎಂಬುದಷ್ಟೇ ನನ್ನ ಮೇಲಿನ ಕೇಸು. ಇದೇ ಇಪ್ಪತ್ತೆರಡು, ಸೋಮವಾರ, ನಿಮ್ಮ ಮಧುಗಿರಿ ಕೋರ್ಟಿನಲ್ಲಿ ವಿಚಾರಣೆ. ಸಾಬೀತಾದರೆ ದಂಡವಾಗಬಹುದು, ಜೈಲಾಗಬಹುದು. ನನಗೆ ಅವೆರಡರ ಭಯವಿಲ್ಲ. ಲೈಸೆನ್ಸೇ ಪೂರ್ತಿ ರದ್ದಾದರೆ, ಮೂವತ್ತೊಂದು ವರ್ಷ ಸ್ಟೇರಿಂಗ್ ಬಿಟ್ಟು ಬೇರೇನೂ ಹಿಡಿಯದ ಈ ಕೈಗಳು ಆಮೇಲೆ ಏನನ್ನು ಹಿಡಿಯಬೇಕು?

ಈ ಪತ್ರ ನನ್ನ ಸ್ವಂತ ಬುದ್ಧಿಯಿಂದ ಹೊರಟದ್ದಲ್ಲ. ವಕೀಲ ಇನಾಯತುಲ್ಲಾ ಸಾಹೇಬರು ಬರೆಸುತ್ತಿದ್ದಾರೆ. ಮೊದಲು ಫೋನ್ ಮಾಡಿ ಎಂದರು. ನನ್ನ ನಂಬರಿನಿಂದ ಬಂದ ಕರೆಯನ್ನು ನೀನು ಎತ್ತುವುದಿಲ್ಲ ಎಂದೆ. ಅವರ ಮುಖ ಅರಳಿತು. ಅದನ್ನೂ ಫೈಲಿನಲ್ಲಿ ಬರೆದುಕೊಂಡರು. ಯಾಕೆ ಅರಳಿತು ಎಂಬುದನ್ನು ಹೇಳುತ್ತೇನೆ, ಆದರೆ ಮೊದಲಿನಿಂದ ಹೇಳಬೇಕು.

ಮಾರ್ಚ್ ತಿಂಗಳಲ್ಲಿ ತಾವರೆಕೆರೆಯ ಒಂದು ಮನೆಯವರನ್ನು ಪಾವಗಡದಾಚೆ ವಳ್ಳೂರಿಗೆ ಬೀಗರೂಟಕ್ಕೆ ಕರೆದುಕೊಂಡು ಹೋಗಿದ್ದೆ. ಲಗೇಜ್ ಆಟೋದಲ್ಲಿ ಲಗೇಜನ್ನು ಮಾತ್ರ ಸಾಗಿಸಬೇಕೆಂಬುದು ಸರ್ಕಾರದ ಅಭಿಪ್ರಾಯ. ನನ್ನ ಹಿಂದೆ ಕೂತಿದ್ದ ಹದಿನಾರು ಜನ ಲಗೇಜಲ್ಲ ಎಂಬುದನ್ನು ಹೋಗುವಾಗಿನ ಮಟ್ಟಿಗೆ ನಾನೂ ಒಪ್ಪುತ್ತೇನೆ. ಉಂಡು ಬರುವಾಗ ಅವರು ಮೂಟೆಗಳೇ ಆಗಿದ್ದರು. ಪೊಲೀಸರು ಅಡ್ಡಹಾಕಿ, ಬೈದು, ಲೈಸೆನ್ಸ್ ನಂಬರ್ ಬರೆದುಕೊಂಡು ಬಿಟ್ಟರು. ನಾನು ಮರೆತೆ. ಸರ್ಕಾರ ಮರೆಯಲಿಲ್ಲ. ಆರ್‌ಟಿಓ ಕಚೇರಿಯವರು ಮೇ ತಿಂಗಳಿನಿಂದ ಮೂರು ತಿಂಗಳು ಲೈಸೆನ್ಸನ್ನು ಅಮಾನತು ಮಾಡಿ, ಆದೇಶವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು.

ಎಲ್ಲಿಗೆ? ಲೈಸೆನ್ಸಿನಲ್ಲಿರುವ ವಿಳಾಸಕ್ಕೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಇದ್ದ ಮಧುಗಿರಿಯ ನಿಮ್ಮ ಮನೆಯ ವಿಳಾಸವನ್ನು ನಾನು ಬದಲಾಯಿಸಲೇ ಇಲ್ಲ. ಸರ್ಕಾರದ ಕಡತದಲ್ಲಿ ನಾನು ಇವತ್ತಿಗೂ ನಿನ್ನ ಜೊತೆಗೇ ಇದ್ದೇನೆ.

ಪೋಸ್ಟ್‌ಮ್ಯಾನ್ ಬಂದ, ನೀನು ಸಹಿ ಹಾಕಿದೆ. ಆ ಸ್ವೀಕೃತಿ ಚೀಟಿಯ ಜೆರಾಕ್ಸ್ ಸಾಹೇಬರ ಫೈಲಿನಲ್ಲಿದೆ. ಸಹಿಯ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಡುತ್ತೀಯಲ್ಲ, ಅದು ಹಾಗೇ ಇದೆ. ‘ಇದು ಅವರದ್ದೇನಾ?’ ಎಂದು ಕೇಳಿದರು. ನಾನು ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ಒರೆಸಿ ಬಹಳ ಹೊತ್ತು ಪರಿಶೀಲಿಸಿದೆ. ಸಹಿ ಗುರುತು ಹಿಡಿಯಲು ಅಷ್ಟು ಹೊತ್ತು ಬೇಕಿರಲಿಲ್ಲ.

ಆಗ ಸಾಹೇಬರು ನನ್ನ ಬಚಾವಿನ ದಾರಿ ಹೇಳಿದರು. ‘ಗಂಗಣ್ಣ, ಅಮಾನತ್ ಆಗಿರೋದು ನಿಮಗೆ ಗೊತ್ತೇ ಇರ್ಲಿಲ್ಲ ಅಂತ ನಾವು ಹೇಳೋಣ. ಚೀಟಿಗೆ ಸೈನ್ ಹಾಕಿರೋದು ನಿಮ್ಮ ಬೀವಿ. ನಿಮಗೂ ಅವರಿಗೂ ಮಾತಿದೆಯಾ?’

‘ಇಲ್ಲ ಸಾಬ್ರೆ.’

‘ಕಾಗದ ಪತ್ರ?’

‘ಇಲ್ಲ.’

‘ಹಬ್ಬಕ್ಕೆ, ಹುಣ್ಣಿಮೆಗೆ?’

‘ಇಲ್ಲ.’

ನನ್ನ ಒಂದೊಂದು ಇಲ್ಲಕ್ಕೂ ಅವರ ಉತ್ಸಾಹ ಏರುತ್ತಿತ್ತು. ಕೊನೆಗೆ ಮೇಜು ತಟ್ಟಿ, ‘ಅರೆ ವಾಹ್! ನಿಮಗೆ ಹೇಳೋರು ಕೇಳೋರು ಯಾರೂ ಇಲ್ಲ. ಇದೇ ನಮ್ಮ ಡಿಫೆನ್ಸು!’ ಎಂದರು. ಯಾವ ಕೆಲಸಕ್ಕೂ ಬಾರದೆ ಬಿದ್ದಿದ್ದ ನನ್ನ ಎರಡು ವರ್ಷ ಕೊನೆಗೂ ಒಂದು ಉಪಯೋಗಕ್ಕೆ ಬಂತು ನೋಡು.

ಆಮೇಲೆ ಅವರೇ ಸರ್ಕಾರಿ ವಕೀಲರಾಗಿ, ಕನ್ನಡಕದ ಮೇಲಿಂದ ದುರುಗುಟ್ಟಿ, ನನಗೆ ಅಭ್ಯಾಸ ಮಾಡಿಸಿದರು. ಮನೆಯಲ್ಲಿ ಯಾರಿದ್ದೀರಿ? ನಾನೊಬ್ಬನೇ. ಮಕ್ಕಳು? ಆಗಲಿಲ್ಲ. ದಿನಾ ಯಾರ ಜೊತೆ ಮಾತಾಡುತ್ತೀರಿ? ‘ಗಾಡಿ ರಿವರ್ಸ್ ತೆಗೆಯುವಾಗ ಅದರೊಳಗಿನ ಹೆಂಗಸು, ದಯವಿಟ್ಟು ಗಮನಿಸಿ, ಗಾಡಿ ಹಿಂದೆ ಬರುತ್ತಿದೆ ಅಂತಾಳೆ ಸಾಬ್ರೆ. ಅವಳ ಜೊತೆ’ ಎಂದೆ. ಸಾಹೇಬರು ನಗಲಿಲ್ಲ. ‘ಕೋರ್ಟಲ್ಲಿ ತಮಾಷೆ ಬ್ಯಾಡ ಗಂಗಣ್ಣ. ಸುಮ್ನೆ ಯಾರೂ ಇಲ್ಲ ಅನ್ನಿ, ಸಾಕು’ ಎಂದು ಮೂರು ಸಲ ಹೇಳಿಸಿದರು. ಮೂರನೆಯ ಸಲ ಬಹಳ ಚೆನ್ನಾಗಿ ಬಂತಂತೆ. ಅಂದಹಾಗೆ, ಗಾಡಿ ಓಡದೆ ನಿಂತು ಎರಡು ತಿಂಗಳಾಗುತ್ತ ಬಂತು. ಆ ಹೆಂಗಸೂ ಈಗ ಮಾತು ಬಿಟ್ಟಿದ್ದಾಳೆ.

ಇನ್ನು ನಿನ್ನಿಂದ ಆಗಬೇಕಾದದ್ದು. ಇಪ್ಪತ್ತೆರಡಕ್ಕೆ ಕೋರ್ಟಿಗೆ ಬಂದು ಎರಡು ಮಾತು ಹೇಳಬೇಕು. ಒಂದು: ‘ಕವರಿಗೆ ಸಹಿ ಹಾಕಿ ಬೀರುವಿನ ಮೇಲೆ ಎಸೆದೆ, ಅವರಿಗೆ ತಿಳಿಸಲಿಲ್ಲ, ನಮಗೆ ಮಾತಿಲ್ಲ.’ ಎರಡನೆಯದು ಒಂದು ಡಬ್ಬಿಯ ವಿಚಾರ.

ಮೇ ಹದಿನೇಳು, ಶುಕ್ರವಾರ, ಲೋಡ್ ತರಲೆಂದು ಖಾಲಿ ಗಾಡಿ ಹೊಡೆದುಕೊಂಡು ಮಧುಗಿರಿ ಕಡೆ ಹೊರಟಿದ್ದೆ. ಬಡವನಹಳ್ಳಿ ದಾಟಿದ ಮೇಲೆ ಪೊಲೀಸರು ಕೈ ತೋರಿಸಿದರು. ಹೊಸ ಸಬ್ ಇನ್ಸ್‌ಪೆಕ್ಟರು, ಮೀಸೆ ಇನ್ನೂ ತೀರ್ಮಾನಕ್ಕೆ ಬಂದಿಲ್ಲದ ವಯಸ್ಸು. ಮೊಬೈಲ್ ಒತ್ತಿ ನೋಡಿ, ‘ಏನಯ್ಯ, ಲೈಸೆನ್ಸ್ ಸಸ್ಪೆಂಡ್ ಆಗೈತೆ, ರಾಜಾರೋಷವಾಗಿ ಓಡಿಸ್ತಿದ್ದೀಯ! ಗಾಡೀಲಿ ಏನೈತೆ?’ ಎಂದರು.

‘ಡಬ್ಬಿ ಸಾರ್.’

‘ಎಷ್ಟು ಡಬ್ಬಿ?’

‘ಒಂದು.’

‘ಒಂದು ಡಬ್ಬಿ ಸಾಗ್ಸಾಕೆ ಇಷ್ಟುದ್ದ ಗಾಡಿ ಬೇಕೇನ್ಲಾ?’

ಮಹಜರಿನಲ್ಲಿ ಹೀಗೆ ಬರೆದಿದ್ದಾರೆ: ‘ಒಂದು ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ನರಸಮ್ಮ ಗಂಗಹನುಮಯ್ಯ ಎಂದು ಕೆತ್ತಲಾಗಿದೆ, ಒಳಗೆ ಹುರಿದ ಕಡಲೆಕಾಯಿ ಬೀಜ ಸುಮಾರು ಅರ್ಧ ಕೆಜಿ.’ ಅರ್ಧ ಕೆಜಿ ಎಂಬುದು ತನಿಖೆಯ ನಂತರದ ತೂಕ. ತನಿಖೆಗೆ ಮೊದಲು ಮುಕ್ಕಾಲು ಕೆಜಿ ಇತ್ತು. ಮುಂದೆ ಕೋರ್ಟಿನವರು ಗಾಡಿ ಬಿಡುಗಡೆ ಮಾಡಿದರು. ಆದೇಶದಲ್ಲಿ ಗಾಡಿ ಎಂದಷ್ಟೇ ಇತ್ತು, ಡಬ್ಬಿ ಎಂದಿರಲಿಲ್ಲ. ಡಬ್ಬಿ ಇನ್ನೂ ಠಾಣೆಯಲ್ಲಿದೆ.

ಮಹಜರು ಓದಿದ ಸಾಹೇಬರು ತಲೆ ಮೇಲೆ ಕೈಹೊತ್ತರು. ‘ಮಾತಿಲ್ಲ ಕಥೆಯಿಲ್ಲ ಅಂತೀರಿ, ಬೀವಿ ಹೆಸರಿರೋ ಡಬ್ಬಿ ನಿಮ್ಮ ಸೀಟ್ ಮೇಲೆ ಹೆಂಗ್ ಬಂತು ಅಂತ ಕೇಳಿದ್ರೆ?’ ಅದಕ್ಕೇ ನೀನು ಹೇಳಬೇಕಾದ ಎರಡನೆಯ ಮಾತು: ‘ಅದು ಹಳೇ ಡಬ್ಬಿ, ಬಿಟ್ಟು ಬಂದದ್ದು. ಈಗ ನನಗೂ ಅದಕ್ಕೂ ಸಂಬಂಧವಿಲ್ಲ.’

ಇಲ್ಲಿಯವರೆಗೆ ವಕೀಲರು ನಿನ್ನೆ ಬರೆಸಿದ್ದು. ಇದನ್ನು ಓದುತ್ತ ನೀನು ಹುಬ್ಬು ಗಂಟಿಕ್ಕಿರುವುದು ನನಗೆ ಶಿರಾದಿಂದಲೇ ಕಾಣುತ್ತಿದೆ. ಇದರಲ್ಲಿ ಎಷ್ಟು ಸುಳ್ಳಿದೆ ಎಂಬುದನ್ನು ನನ್ನಷ್ಟೇ ಚೆನ್ನಾಗಿ ಬಲ್ಲವಳು ನೀನು.

ಮೇ ಹದಿನೈದರಂದು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮೂರ ಬಸ್ಸಿನ ಕಂಡಕ್ಟರ್ ಗೌರೀಶ ನನ್ನನ್ನು ಕೂಗಿದ. ‘ಗಂಗಣ್ಣೋ, ಅಕ್ಕ ಡಬ್ಬಿ ಕೊಟ್ಟವ್ರೆ. ಓರೆ ಹಿಡ್ಕಬ್ಯಾಡ, ಎಣ್ಣೆ ಸೋರಿ ನನ್ ಬ್ಯಾಗೆಲ್ಲ ಉಪ್ಪಿನಕಾಯಿ ಆಗ್ಬುಟ್ಟೈತೆ!’ ಚೀಲದಲ್ಲಿ ಈ ವರ್ಷದ ಮಾವಿನಕಾಯಿ ಉಪ್ಪಿನಕಾಯಿ, ಅದರ ಕೆಳಗೆ ಆರ್‌ಟಿಓ ಕವರು, ಕವರಿನೊಳಗೆ ಕ್ಯಾಲೆಂಡರ್ ಹಾಳೆಯ ಹಿಂದೆ ನಿನ್ನ ಕೈಬರಹ: ‘ಮೂರು ತಿಂಗಳು ಗಾಡಿ ಮುಟ್ಟಬ್ಯಾಡಿ. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬ್ಯಾಡಿ.’

ಎರಡು ವರ್ಷಕ್ಕೆ ಎಂಟು ಮಾತು. ಅವುಗಳಲ್ಲಿ ಮೊದಲ ನಾಲ್ಕು ನನ್ನನ್ನು ಅಪರಾಧಿ ಮಾಡುತ್ತವೆ. ಉಳಿದ ನಾಲ್ಕನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ.

ಹಾಗಾದರೆ ಗೊತ್ತಿದ್ದೂ ಗಾಡಿ ಹತ್ತಿದ್ದೇಕೆ? ಡಬ್ಬಿ ವಾಪಸ್ ಕೊಡಬೇಕಿತ್ತಲ್ಲ. ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದು ನಮ್ಮಲ್ಲಿ ಎಲ್ಲಿದೆ? ಏನೂ ಇಲ್ಲದಿದ್ದರೆ ನಿಮ್ಮಮ್ಮ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದರು. ಉಪ್ಪಿನಕಾಯಿಯನ್ನು ಜಾಡಿಗೆ ಬಗ್ಗಿಸಿ, ಡಬ್ಬಿಯನ್ನು ಮೂರು ಸಲ ತೊಳೆದು ಬಿಸಿಲಿಗಿಟ್ಟೆ. ಕಡಲೆಕಾಯಿ ಬೀಜ ಹುರಿದೆ. ಮೊದಲನೆಯ ಬಾಣಲೆ ಕರಕಲಾಯಿತು, ಎರಡನೆಯದು ಪರವಾಗಿಲ್ಲ. ‘ಗಾಡಿ ಮುಟ್ಟಬ್ಯಾಡಿ’ ಎಂಬ ಚೀಟಿ ಬಂದ ಡಬ್ಬಿಯನ್ನು ಹಿಂದಿರುಗಿಸಲು ಗಾಡಿ ಹತ್ತಿದವನು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಜಾಲಾಡಿದರೂ ಇನ್ನೊಬ್ಬ ಸಿಗಲಾರ.

ಬಸ್ಸಿರಲಿಲ್ಲವೇ ಎನ್ನುತ್ತೀಯ. ಇತ್ತು. ಬಸ್ಸಿನಲ್ಲಿ ಬಂದರೆ ಸ್ಟ್ಯಾಂಡಿನಿಂದ ನಿಮ್ಮ ಬೀದಿಯವರೆಗೆ ಡಬ್ಬಿ ಹಿಡಿದು ನಡೆಯಬೇಕು. ನೀನು ಬಾಗಿಲು ತೆಗೆಯದಿದ್ದರೆ ಅದೇ ಬೀದಿಯಲ್ಲಿ, ಅವೇ ಜಗಲಿಗಳ ಮುಂದೆ, ಅದೇ ಡಬ್ಬಿ ಹಿಡಿದು ವಾಪಸ್ ನಡೆಯಬೇಕು. ಗಾಡಿಯಾದರೆ, ಲೋಡ್ ಇತ್ತು, ಹಾಗೇ ಬಂದೆ ಎನ್ನಬಹುದು. ನನಗೆ ಯಾವ ಲೋಡೂ ಇರಲಿಲ್ಲ ನರಸಮ್ಮ.

ಆ ಚೀಟಿಯನ್ನು ಸಾಹೇಬರಿಗೆ ತೋರಿಸಿದೆ. ಓದಿ, ಎದ್ದು ಹೋಗಿ ಬಾಗಿಲು ಹಾಕಿ ಬಂದರು. ‘ಗಂಗಣ್ಣ, ಇದು ನಾನು ನೋಡಿಲ್ಲ, ನೀವು ತೋರಿಸಿಲ್ಲ. ಮನೆಗೋಗಿ ಒಲೆಗೆ ಹಾಕ್ಬುಡಿ’ ಎಂದರು. ಮನೆಗೆ ಬಂದು ಒಲೆಯನ್ನೇನೋ ಹಚ್ಚಿದೆ. ಕಾಫಿ ಕಾಯಿಸಿಕೊಂಡು ಕುಡಿದೆ. ಚೀಟಿ ಲೈಸೆನ್ಸಿನ ಪ್ಲಾಸ್ಟಿಕ್ ಕವರಿನಲ್ಲಿ, ಲೈಸೆನ್ಸಿನ ಬೆನ್ನಿಗೆ ಒತ್ತಿಕೊಂಡು ಕೂತಿದೆ.

ನೀನು ಮನೆ ಬಿಟ್ಟದ್ದೇಕೆ ಎಂದೂ ಅವರು ಕೇಳಿದರು. ಸಣ್ಣ ವಿಷಯ ಎಂದೆ. ಅದೂ ಸುಳ್ಳು. ನಿನ್ನ ಎದೆಯಲ್ಲಿ ಗಂಟು ಕಂಡು ತುಮಕೂರಿನ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಹತ್ತು ದಿನ ಕಾದೆವು. ಏನೂ ಇಲ್ಲವೆಂದು ಬಂತು. ಆ ವಾರ ನಮ್ಮೂರ ವಾರಪತ್ರಿಕೆಯಲ್ಲಿ ನಾನು ಬರೆಯುತ್ತಿದ್ದ ನಗೆಬರಹದ ಮೂಲೆಗೆ ಬೇರೆ ವಿಷಯ ಸಿಗಲಿಲ್ಲವೇ ನನಗೆ? ನೀನು ಹರಕೆ ಹೊತ್ತ ದೇವರುಗಳ ಪಟ್ಟಿ, ಯಾವ ಸೀರೆ ಯಾರಿಗೆ ಎಂದು ಹಂಚಿಟ್ಟಿದ್ದು, ಎಲ್ಲವನ್ನೂ ರಸವತ್ತಾಗಿ ಬರೆದೆ. ಊರು ಬಿದ್ದು ಬಿದ್ದು ನಕ್ಕಿತು. ಹಾಲಿನವಳು ಬಂದು, ‘ನಂಗ್ಯಾವ್ ಸೀರೆ ಇಕ್ಕಿದ್ದೆ ಕಣಕ್ಕ?’ ಎಂದು ಕೇಳಿದಳು. ನೀನು ಪತ್ರಿಕೆ ಓದಿ, ನಾಲ್ಕಾಗಿ ಮಡಿಸಿಟ್ಟು, ‘ಭಯ ಆಗಿದ್ದು ನನಗೊಬ್ಬಳಿಗೇ ಏನು?’ ಎಂದೆ. ನಾನು, ‘ಕಾಫಿ ಆಯ್ತಾ?’ ಎಂದೆ. ಮರುವಾರ ನೀನು ಬಸ್ ಹತ್ತಿದೆ. ಅಲ್ಲಿಂದೀಚೆಗೆ ಪತ್ರಿಕೆಗೆ ನಾನು ಒಂದಕ್ಷರ ಬರೆದಿಲ್ಲ. ಕೇಳಿದವರಿಗೆ ಪೆನ್ನಿನಲ್ಲಿ ಇಂಕಿಲ್ಲ ಎನ್ನುತ್ತೇನೆ.

ಆದ್ದರಿಂದ, ಇಪ್ಪತ್ತೆರಡಕ್ಕೆ ನೀನು ಸಾಕ್ಷಿ ಹೇಳಲು ಬರಬೇಡ. ಮೇಲೆ ಕೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ಯಾರೂ ಇಲ್ಲ ಎಂದು ನಾನೇನೋ ಹೇಳಿಬಿಡಬಲ್ಲೆ, ಅಭ್ಯಾಸವಾಗಿದೆ. ಆದರೆ ‘ಆ ಡಬ್ಬಿಗೂ ನನಗೂ ಸಂಬಂಧವಿಲ್ಲ’ ಎಂದು ನಿನ್ನ ಬಾಯಿಂದ ಹೇಳಿಸಿ, ಅದನ್ನು ಅಲ್ಲೇ ನಿಂತು ಕೇಳಿಸಿಕೊಂಡು, ಆಮೇಲೆ ಆ ಲೈಸೆನ್ಸಿನಲ್ಲಿ ಎಲ್ಲಿಗೆ ಗಾಡಿ ಓಡಿಸಲಿ?

‘ನನಗೆ ಗೊತ್ತಿತ್ತು ಸ್ವಾಮಿ. ನಮ್ಮನೆಯವಳು ಹೇಳಿದ್ದಳು, ನಾನೇ ಕೇಳಲಿಲ್ಲ’ ಎಂದು ತಪ್ಪೊಪ್ಪಿಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆ ಸಾಹೇಬರಿಗೆ ತಿಳಿಸಿದೆ. ‘ಗೆಲ್ಲೋ ಕೇಸು ಗಂಗಣ್ಣ, ಗೆಲ್ಲೋ ಕೇಸು!’ ಎಂದು ಒದ್ದಾಡಿದರು. ಪಾಪ, ಅವರಿಗೆ ನಿಜವಾಗಿ ಬೇಜಾರಾಯಿತು. ಒಂದೇ ಒಂದು ಅರ್ಜಿ ಬರೆದುಕೊಡಿ ಎಂದು ಕೇಳಿಕೊಂಡಿದ್ದೇನೆ: ಡಬ್ಬಿಯನ್ನು ಮುಚ್ಚಳದ ಮೇಲೆ ಹೆಸರಿರುವವರಿಗೆ ಕೊಡಿಸಬೇಕು. ನೀನು ಬಂದರೆ ಅದಕ್ಕಾಗಿ ಮಾತ್ರ ಬಾ. ನಾನು ಗೌರೀಶನ ಬಸ್ಸಿನಲ್ಲಿ ಬರುತ್ತೇನೆ, ಸ್ಟ್ಯಾಂಡಿನಿಂದ ನಡೆದೇ ಬರುತ್ತೇನೆ.

ಈ ಪತ್ರವನ್ನೂ ರಿಜಿಸ್ಟರ್ಡ್ ಪೋಸ್ಟಿನಲ್ಲೇ ಹಾಕುತ್ತಿದ್ದೇನೆ. ಉತ್ತರ ಬರೆಯದಿದ್ದರೂ ಚೀಟಿಗೆ ಸಹಿ ಹಾಕುತ್ತೀಯಲ್ಲ, ಅದು ಇಲ್ಲಿಗೆ ವಾಪಸ್ ಬರುತ್ತದೆ. ಗೆರೆ, ಎರಡು ಚುಕ್ಕೆ.

ಇಂತಿ,
ಲೈಸೆನ್ಸಿನ ವಿಳಾಸದ ಪ್ರಕಾರ ನಿಮ್ಮ ಮನೆಯಲ್ಲೇ ಇರುವ
ಗಂಗಹನುಮಯ್ಯ

ವಿ.ಸೂ.: ಡಬ್ಬಿಯನ್ನು ಗೌರೀಶನ ಕೈಗೆ ಕೊಡದಿರಲೂ ಒಂದು ಕಾರಣವಿತ್ತು. ಅವನು ಬಡವನಹಳ್ಳಿ ತಲುಪುವಷ್ಟರಲ್ಲಿ ಕಡಲೆಕಾಯಿಯನ್ನೆಲ್ಲ ತಿಂದು ತಳ ಕಾಣಿಸಿಬಿಡುತ್ತಾನೆ. ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚೀಟಿ ಇದೆ. ಪೊಲೀಸರು ಕಾಲು ಕೆಜಿಗೇ ತನಿಖೆ ನಿಲ್ಲಿಸಿದ್ದರಿಂದ ಅದು ಮಹಜರಿನಲ್ಲಿ ಸೇರಿಲ್ಲ. ನೀನು ಬಾರದಿದ್ದರೆ ಅದು ಠಾಣೆಯಲ್ಲೇ ಉಳಿದುಹೋಗುತ್ತದೆ, ಆದ್ದರಿಂದ ಇಲ್ಲಿ ನಕಲು ಮಾಡುತ್ತಿದ್ದೇನೆ: ‘ನನಗೂ ಭಯವಾಗಿತ್ತು.’