ಮೂರು ಕಳಾವರ್

ಭಾನುವಾರ, ಹದಿನಾಲ್ಕನೇ ತಾರೀಕು

ನನ್ನ ಎದುರು ಕುರ್ಚಿಯವರಿಗೆ,

ಬೇರೆ ಏನಂತ ಕರೆಯಬೇಕೋ ತೋಚಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ. ಅದರಲ್ಲಿ ಹದಿನೇಳು ವರ್ಷ ಪ್ರತಿ ಭಾನುವಾರ ಬ್ರಿಜ್ ಮೇಜಿನ ಆಚೆ ನೀವು, ಈಚೆ ನಾನು. ಪಕ್ಕದಲ್ಲಿ ಕೂತದ್ದಕ್ಕಿಂತ ಎದುರು ಕೂತದ್ದೇ ಹೆಚ್ಚು. ನೀವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ಮೊಣಕೈ ನೋವು ಹೋಗಿದೆ, ಬಾಯಿ ಮಾತ್ರ ಹಾಗೇ ಇದೆ.

ಮೊದಲು ಕೆಲಸದ ಮಾತು. ಕ್ಲಬ್ಬಿನ ಕಾರ್ಯದರ್ಶಿಗಳು ಬರುವ ಇಪ್ಪತ್ತೆಂಟಕ್ಕೆ ಜೋಡಿಗಳ ಪಂದ್ಯ ಇಟ್ಟಿದ್ದಾರೆ. ನನ್ನನ್ನು ಕೇಳದೆಯೇ ನಮ್ಮಿಬ್ಬರ ಹೆಸರು ಸೇರಿಸಿಬಿಟ್ಟಿದ್ದಾರೆ. ಈಗ ತೆಗೆಯಲು ಬರುವುದಿಲ್ಲವಂತೆ. ಒಂದು ಜೋಡಿ ಕಡಿಮೆಯಾದರೆ ಎಲ್ಲರ ಆಟವೂ ಕೆಡುತ್ತದಂತೆ. ಹಾಗಾಗಿ ನೀವು ಬರಲೇಬೇಕಾಗಿದೆ. ಒತ್ತಾಯ ನನ್ನದಲ್ಲ, ಅವರದು.

ಹೋದ ವಾರ ನಿಮ್ಮಕ್ಕ ನನ್ನ ಬೈಂಡಿಂಗ್ ಅಂಗಡಿಗೆ ಬಂದಿದ್ದರು. ಗ್ರಂಥಾಲಯದಿಂದ ಬೆನ್ನು ಮುರಿದ ನಿಘಂಟುಗಳು ಬಂದು ಬಿದ್ದಿವೆ, ಅವರಿಗೆ ಕೂರಲು ಜಾಗ ಮಾಡುವುದೇ ಕಷ್ಟವಾಯಿತು. ನಿಮ್ಮ ಕ್ವಾರ್ಟರ್ಸಿಗೆ ಹೋಗಿಬಂದ ಸುದ್ದಿಯನ್ನೆಲ್ಲ ಹೇಳಿದರು. ನೀವು ಭಾನುವಾರ ನಾಲ್ಕು ಕಡೆ ಎಲೆ ಹಂಚಿಕೊಂಡು ಒಬ್ಬರೇ ಕೂತಿರುತ್ತೀರಂತೆ. ಎದುರಿನ ಕುರ್ಚಿಯಲ್ಲಿ ಅವರು ಕೂರಲು ಹೋದರೆ, ಅಲ್ಲಿ ಬೇಡಕ್ಕ, ಮಂಚದ ಮೇಲೆ ಕೂತ್ಕೋ ಅಂದಿರಂತೆ. ಅವರಿಗೆ ಸ್ವಲ್ಪ ಬೇಜಾರಾಗಿದೆ. ನನಗೆ ಆಗಲಿಲ್ಲ. ಗೋಂದು ಹಚ್ಚುವುದನ್ನು ನಿಲ್ಲಿಸಿ, ಇನ್ನೊಂದು ಸಲ ಹೇಳಿ ಅಂದೆ.

ಅಷ್ಟಕ್ಕೂ ನಿಮ್ಮಿಬ್ಬರ ಮಧ್ಯೆ ಆಗಿದ್ದಾದ್ರೂ ಏನೇ ಅಂತ ಕೇಳಿದರು. ಅವರಿಗೆ ಆಟ ಗೊತ್ತಿಲ್ಲವಲ್ಲ, ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದೆ. ಕ್ಲಬ್ ಪಂದ್ಯದ ಫೈನಲ್‌ನ ಕೊನೆಯ ಆಟ, ನನ್ನ ಕೈ. ಡೈಮಂಡಿನ ಎಕ್ಕ, ರಾಜ, ರಾಣಿ, ಗುಲಾಮ ಸೇರಿ ಆರು ಎಲೆ. ಇಸ್ಪೀಟಿನ ಎಕ್ಕ, ರಾಣಿ, ನಾಲ್ಕು, ಒಟ್ಟು ಮೂರೇ. ಕಳಾವರಿನ ಎಕ್ಕದ ಜೊತೆ ಎರಡು ಪುಡಿ ಎಲೆ. ಆಟಿನ್ ಒಂದೇ ಒಂದು. ನಾನು ಒಂದು ಡೈಮಂಡ್ ಕೂಗಿದೆ, ನೀವು ಒಂದು ಇಸ್ಪೀಟು ಅಂದಿರಿ, ನಾನು ಮೂರು ಡೈಮಂಡ್ ಅಂದೆ. ನೀವು ನಿಮ್ಮ ಎಲೆಗಳನ್ನು ಎರಡು ಸಲ ನೋಡಿಕೊಂಡು ಪಾಸ್ ಎಂದಿರಿ. ಮೂರು ಎಂದರೆ ಒಂಬತ್ತು ಟ್ರಿಕ್ ಗೆಲ್ಲುವ ಮಾತು; ಅಷ್ಟು ಸಾಕೆಂದು ನಿಂತ ಕಡೆ ಹನ್ನೆರಡು ಬಂದವು. ಪಂದ್ಯದಲ್ಲಿ ಎಲ್ಲ ಮೇಜಿಗೂ ಒಂದೇ ಹಂಚಿಕೆ; ಪಕ್ಕದ ಮೇಜಿನವರು ಅದೇ ಎಲೆಗಳಲ್ಲಿ ಹನ್ನೆರಡನ್ನೂ ಕೂಗಿ ಕಪ್ ಹೊತ್ತುಕೊಂಡು ಹೋದರು.

ಕೈ ಅಷ್ಟು ಚೆನ್ನಾಗಿದೆ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು, ಎಲೆ ತೋರಿಸೋ ಹಾಗಿಲ್ವಲ್ಲ ಅಂದರು ನಿಮ್ಮಕ್ಕ. ಕೂಗಿನಲ್ಲೇ ತಿಳಿಸಬೇಕು ಅಂದೆ. ಕೆಲವು ಕೂಗನ್ನು ಎದುರು ಕೂತ ಜೊತೆಗಾರರು ಬೇಕಾದರೆ ಅಲ್ಲಿಗೇ ಬಿಡಬಹುದು; ಕೆಲವನ್ನು, ತಮ್ಮ ಕೈ ಎಷ್ಟೇ ಬಡವಾಗಿದ್ದರೂ, ಬಿಡುವಂತಿಲ್ಲ ಎಂದು ವಿವರಿಸಿದೆ. ಅವರು ಸೀರೆಗೆ ಅಂಟಿದ ಗೋಂದನ್ನು ಉಗುರಲ್ಲಿ ಕೆರೆಯುತ್ತಾ, ಹಾಗಾದ್ರೆ ಅವನು ಬಿಡೋಕಾಗದ ಮಾತೇ ನೀನು ಆಡ್ಬೇಕಿತ್ತು ಅಂದುಬಿಟ್ಟರು. ಎಕ್ಕ ಯಾವುದು ಗುಲಾಮ ಯಾವುದು ಗೊತ್ತಿಲ್ಲದವರು.

ವಾರವಿಡೀ ಅದೇ ಕೈ ಹಿಡಿದು ಕೂತೆ. ಮೂರು ಇಸ್ಪೀಟು ಅನ್ನಲು ನಾಲ್ಕು ಎಲೆ ಬೇಕು, ನನ್ನಲ್ಲಿದ್ದದ್ದು ಮೂರೇ. ಕೊನೆಗೆ ಉಳಿದದ್ದು ಒಂದೇ ದಾರಿ: ಮೂರು ಕಳಾವರ್. ಕೂಗುವಷ್ಟು ಕಳಾವರ್ ನನ್ನ ಕೈಯಲ್ಲಿರಲಿಲ್ಲ. ಅದು ಹಸಿ ಸುಳ್ಳು. ಆದರೆ ಹಾಗೆ ಹೊಸ ಜಾತಿಯ ಎಲೆಗೆ ಜಿಗಿದು ಕೂಗಿದರೆ ಎದುರಿನವರು ನಿಲ್ಲಿಸುವಂತಿಲ್ಲ, ಏನಾದರೊಂದು ಹೇಳಲೇಬೇಕು. ಅವರು ಹೇಳಿದ ಮೇಲೆ ನಮ್ಮ ನಿಜವಾದ ಎಲೆಗಳ ಮಾತು ತೆಗೆಯಬಹುದು. ಇಷ್ಟು ವರ್ಷ ನೀವು ನನ್ನನ್ನು ವಕೀಲೆ ವಕೀಲೆ ಎಂದು ರೇಗಿಸಿದಿರಿ. ಬೇಕಾದಾಗ ಒಂದು ಸುಳ್ಳು ಹೊಳೆಯಲಿಲ್ಲ ನೋಡಿ.

ಇನ್ನು ಬರೆಯಲು ಕಷ್ಟವಾದದ್ದನ್ನು ಬರೆಯುತ್ತೇನೆ. ಆವತ್ತು ಎಲ್ಲರೆದುರು ನಿಮ್ಮನ್ನು ಬೈದೆ. ಮೂರು ಡೈಮಂಡ್ ಬಿಡಬಾರದೆಂದು ಗೊತ್ತುಮಾಡಿಕೊಂಡಿದ್ದೆವು, ಮರೆತು ಕೂತಿದ್ದೀರಿ, ಕಚೇರಿಯಲ್ಲಿ ನೀರಿನ ಪೈಪಿನ ನಕ್ಷೆ ಬರೆದೂ ಬರೆದೂ ತಲೆಯೊಳಗೂ ಪೈಪೇ ಉಳಿದಿದೆ ಎಂದೆ. ಎಲ್ಲರೂ ನಕ್ಕರು. ನೀವು ಎಲೆಗಳ ಅಂಚು ಕೂಡಿಸಿ ಮೇಜಿನ ಮೇಲಿಟ್ಟು ಎದ್ದಿರಿ.

ನಮ್ಮ ಕೂಗಿನ ಒಪ್ಪಂದಗಳ ನೀಲಿ ಪುಸ್ತಕ ನಾನೇ ಹೊಲಿದದ್ದು. ಅದರ ಮೂವತ್ತೊಂದನೇ ಪುಟದಲ್ಲಿ ನನ್ನದೇ ಅಕ್ಷರದಲ್ಲಿದೆ: ಮೂರು ಡೈಮಂಡ್, ಒಳ್ಳೆಯ ಕೈ, ಬೇಕಾದರೆ ಬಿಡಬಹುದು. ನೀವು ಬಿಟ್ಟಿರಿ. ನಿಮ್ಮ ತಪ್ಪೇನೂ ಇರಲಿಲ್ಲ. ಈ ವಾರ ಕಣ್ಣಿಗೆ ಬಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಚು ಕಾಣುತ್ತಿರಬಹುದು. ನಿಜವೇನೆಂದರೆ ಆವತ್ತು ಸಂಜೆಯೇ ನೋಡಿದೆ. ನೀವು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಿರಿ. ಪುಸ್ತಕವನ್ನು ಬೇರೆ ಪುಸ್ತಕಗಳ ಕೆಳಗೆ ತಳ್ಳಿದೆ. ಆ ಪುಟ ನಿಮಗೆ ಬಾಯಿಪಾಠವೇ ಇತ್ತು ಎಂಬುದೂ ನನಗೆ ಗೊತ್ತು. ನೀವು ತೆಗೆದು ತೋರಿಸಬಹುದಿತ್ತು, ತೋರಿಸಲಿಲ್ಲ.

ಅದಾದ ಎರಡು ವಾರಕ್ಕೆ ನಿಮ್ಮ ವರ್ಗಾವಣೆಯ ಕಾಗದ ಬಂತು. ಬೇಡವೆಂದು ಬರೆದುಕೊಡಲು ಅವಕಾಶವಿತ್ತು. ಹೋಗ್ಲಾ ಎಂದು ಕೇಳಿದಿರಿ. ನಾನು ತಟ್ಟೆ ತೊಳೆಯುತ್ತಾ, ತಿರುಗಿ ಕೂಡ ನೋಡದೆ, ನಿಮ್ಮಿಷ್ಟ ಎಂದೆ. ಹೋಗಬೇಡಿ ಎನ್ನಬೇಕೆಂದಿದ್ದೆ. ನಿಮ್ಮಿಷ್ಟ ಎಂದರೆ ಅದೂ ಬಿಡಬಹುದಾದ ಮಾತೇ. ನೀವು ಬಿಟ್ಟಿರಿ. ಅಲ್ಲೂ ತಪ್ಪು ನಿಮ್ಮದಲ್ಲ.

ಈಗ ನನ್ನೆದುರು ನಿವೃತ್ತ ಮೇಷ್ಟರು ಕೂರುತ್ತಾರೆ. ಒಳ್ಳೆಯ ಆಟಗಾರರು, ತಪ್ಪು ಮಾಡುವುದೇ ಇಲ್ಲ. ಆದರೆ ಎಲೆಗಳನ್ನು ಎಸೆಯುತ್ತಾರೆ; ನೀವು ಇಡುತ್ತಿದ್ದಿರಿ. ಆಟ ಮುಗಿಸಿ ಮನೆಗೆ ಬಂದರೆ ನಾನು ಜಗಳವಾಡಲು ಯಾರೂ ಇಲ್ಲ. ಹಾಲಿನ ಪಾತ್ರೆ ಸಣ್ಣದು ತಂದಿದ್ದೇನೆ. ನಿಮ್ಮ ಸ್ಲೇಟು ಬಣ್ಣದ ಸ್ವೆಟರಿನ ಮೊಣಕೈಗೆ ತೇಪೆ ಹಾಕಿ ಎರಡು ಚಳಿಗಾಲ ನಾನೇ ಹಾಕಿಕೊಂಡೆ. ನಿಮ್ಮನ್ನು ನೋಡಿ ಒಂದು ವರ್ಷ ಎಂಟು ತಿಂಗಳಾಯಿತು. ನೋಡಬೇಕು ಅನ್ನಿಸುತ್ತಿದೆ. ಇಷ್ಟನ್ನು ಹೇಳಲು ಇಷ್ಟು ಹಾಳೆ ಹಿಡಿಯಿತು.

ಇಪ್ಪತ್ತೆಂಟಕ್ಕೆ ಬೆಳಗಿನ ಬಸ್ಸಿಗೇ ಬನ್ನಿ. ಊಟ ಮಾಡಿಕೊಂಡು ಒಟ್ಟಿಗೆ ಹೋಗೋಣ.

ಈಗಲೂ ನಿಮ್ಮ ಎದುರಿನವಳೇ ಆದ,
ವಕೀಲೆ

ಮರೆತಿದ್ದೆ: ಇಪ್ಪತ್ತೆಂಟಕ್ಕೆ ಪಂದ್ಯ ಗಿಂದ್ಯ ಏನೂ ಇಲ್ಲ. ಕ್ಲಬ್ಬಿಗೆ ಸುಣ್ಣ ಹೊಡೆಯುತ್ತಿದ್ದಾರೆ, ತಿಂಗಳ ಕೊನೆಯವರೆಗೆ ಬೀಗ. ಕಾರ್ಯದರ್ಶಿಗಳು ನಿಮ್ಮ ಹೆಸರನ್ನೇ ಎತ್ತಿಲ್ಲ. ಅದು ನನ್ನ ಮೂರು ಕಳಾವರ್. ಪುಸ್ತಕದ ದಾರ ಬಿಚ್ಚಿ ಮೂವತ್ತೊಂದನೇ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ಮತ್ತೆ ಹೊಲಿಯಲು ಅದು ವಾಪಸ್ ಬೇಕು. ನನ್ನ ಸಾಲನ್ನು ಹೊಡೆದುಹಾಕಿದ್ದೇನೆ, ಕೆಳಗೆ ಜಾಗವಿದೆ. ಬರುವುದಿಲ್ಲ ಎಂದಾದರೂ ಅಲ್ಲಿ ಬರೆಯಿರಿ. ಸುಮ್ಮನಿರುವಂತಿಲ್ಲ.