ಪಾಂಡವಪುರದಲ್ಲಿ ಎರಡು ನಿಮಿಷ

ಕಾಮಾಕ್ಷಿಪಾಳ್ಯ, ಬೆಂಗಳೂರು
೨೪ ಏಪ್ರಿಲ್ ೧೯೯೭, ಗುರುವಾರ

ಪ್ರೀತಿಯ ಅವ್ವನಿಗೆ,

ಸಿದ್ದರಾಮು ಮಾಡುವ ನಮಸ್ಕಾರ. ಮೊದಲು ನಿನ್ನ ಮಂಡಿನೋವಿನ ಸಮಾಚಾರ ಬೇಕು. ಇಲ್ಲಿದ್ದಾಗ ಮೂರು ಮೆಟ್ಟಿಲು ಹತ್ತಲು ಮೂರು ದೇವರನ್ನು ಕರೆಯುತ್ತಿದ್ದವಳು ಬಿಂಡಿಗನವಿಲೆಯಲ್ಲಿ ಕುರಿಗಳ ಹಿಂದೆ ಓಡಾಡುತ್ತಿದ್ದೀಯಂತೆ, ಊರಿನಿಂದ ಬಂದಿದ್ದ ನರಸಯ್ಯ ಹೇಳಿದ. ಅದು ನಿನ್ನ ತಮ್ಮನ ಮನೆಯ ನೀರಿನ ಗುಣವೋ, ನನ್ನ ಮನೆಯ ಮೆಟ್ಟಿಲಿನ ದೋಷವೋ ತಿಳಿಯದು. ಚಿಕ್ಕಸಿದ್ದಯ್ಯ ಮಾವನ ಕಣ್ಣಿನ ಪೊರೆ ತೆಗೆದು ಹದಿನೈದು ದಿನವಾಯಿತಲ್ಲ, ಅವರನ್ನು ಒಲೆಯ ಮುಂದೆ ಕೂರಲು ಬಿಡಬೇಡ, ಬೀಡಿಕಟ್ಟನ್ನೂ ಕಿತ್ತಿಟ್ಟುಕೋ. ಮಾವನಿಗೆ ಕನ್ನಡಕ ಬರುವವರೆಗೆ ಈ ಕಾಗದ ಓದುವವರು ಯಾರು ಎಂದು ನೀನು ಕೇಳುತ್ತೀಯ. ಮಾವನ ಮಗನಿಗೂ ಅಕ್ಷರಕ್ಕೂ ಎಣ್ಣೆ ಸೀಗೆಕಾಯಿ ಎಂಬುದು ನನಗೆ ಗೊತ್ತು. ಅದಕ್ಕೆ ಬೇರೆ ಏರ್ಪಾಡು ಮಾಡಿದ್ದೇನೆ. ಓದುವವರು ಯಾರೇ ಆಗಲಿ, ನಡುವೆ ಎಷ್ಟೇ ಕಷ್ಟವಾದರೂ ಒಂದು ಸಾಲನ್ನೂ ನುಂಗದೆ ಕೊನೆಯವರೆಗೆ ಓದಬೇಕು. ಇದು ನನ್ನ ಕೋರಿಕೆ.

ಇಲ್ಲಿ ಸುಧ, ಮಕ್ಕಳು ಕ್ಷೇಮ. ರಾಹುಲ್ ಮೂರನೆಯ ಕ್ಲಾಸು ಪಾಸಾದ. ಮೇಘನಳಿಗೆ ಮುಂದಿನ ಎರಡು ಹಲ್ಲು ಬಿದ್ದು ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿದೆ. ನೀನು ಊರಿಗೆ ಹೋದ ಮೇಲೆ ನನಗೊಂದು ಹುಚ್ಚು ಹಿಡಿದಿದೆ. ರಜೆಯನ್ನೆಲ್ಲ ಮಕ್ಕಳು ವಠಾರದ ನಲ್ಲಿಯ ಹತ್ತಿರವೇ ಕಳೆಯುವುದು ಬೇಡ, ಭಾನುವಾರಕ್ಕೊಂದು ಸಲ ರೈಲಿನಲ್ಲಿ ಎಲ್ಲಿಗಾದರೂ ಹೋಗಿ ಸಂಜೆಗೆ ಬಂದುಬಿಡೋಣ ಎನಿಸಿತು. ನೂರು ಪುಟದ ನೋಟುಪುಸ್ತಕ ಕೊಂಡು, ಸ್ಟೇಷನ್ನಿನ ಗೋಡೆಯ ಮೇಲಿದ್ದ ರೈಲಿನ ವೇಳೆಯನ್ನೆಲ್ಲ ನಿಂತುಕೊಂಡೇ ಬರೆದುಕೊಂಡು ಬಂದೆ. ಪೊಲೀಸಿನವನೊಬ್ಬ ಎರಡು ಸಲ ಬಂದು ನನ್ನನ್ನು ನೋಡಿ ಹೋದ. ದಿನಕ್ಕೆ ಒಂದೇ ಊರು, ಊರಿಗೆ ಎರಡೇ ಜಾಗ, ಮೂರನೆಯದಕ್ಕೆ ಯಾರಾದರೂ ಆಸೆಪಟ್ಟರೆ ಅದು ಇನ್ನೊಂದು ಭಾನುವಾರಕ್ಕೆ ಎಂದು ಕಟ್ಟುನಿಟ್ಟು ಮಾಡಿದೆ. ಬುತ್ತಿ ಮನೆಯದೇ. ಉಂಡ ಮೇಲೆ ಮರದ ಕೆಳಗೆ ಒಂದು ಗಂಟೆ ಮಲಗಲೇಬೇಕು, ಓಡಿ ಓಡಿ ನೋಡಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಹೋಗುವಾಗ ಕಿಟಕಿ ರಾಹುಲನಿಗೆ, ಬರುವಾಗ ಮೇಘನಳಿಗೆ. ಎಲ್ಲಕ್ಕಿಂತ ಮುಖ್ಯವಾಗಿ ನೆಂಟರ ಮನೆಗೆ ಹೋಗಕೂಡದು. ನೆಂಟರ ಮನೆಯಲ್ಲಿ ಕಾಫಿ ಎನ್ನುವುದು ಊಟವಾಗುತ್ತದೆ, ಊಟವಾಗುವಷ್ಟರಲ್ಲಿ ರೈಲು ಹೋಗಿರುತ್ತದೆ ಎಂದು ಸುಧಳಿಗೆ ಹೇಳಿದ್ದೆ. ಹೀಗೆ ಚನ್ನಪಟ್ಟಣ ಆಯಿತು, ಮದ್ದೂರು ಆಯಿತು. ಯಾರಿಗೂ ಸುಸ್ತಾಗಲಿಲ್ಲ, ಯಾರೂ ಜಗಳವಾಡಲಿಲ್ಲ. ನಾನು ನಾಲ್ಕು ಜನರ ಮುಂದೆ ಬೀಗಿದ್ದೂ ಉಂಟು.

ನೆಂಟರ ಮನೆ ಬೇಡ ಎಂದದ್ದಕ್ಕೆ ಕಾಫಿ ಊಟದ ನೆಪ ಹೇಳಿದೆನಲ್ಲ, ಅದು ಅರ್ಧ ನಿಜ. ಮೈಸೂರಿನ ಕಡೆಯ ರೈಲು ಪಾಂಡವಪುರದಲ್ಲಿ ಎರಡು ನಿಮಿಷ ನಿಲ್ಲುತ್ತದೆ. ಅಲ್ಲಿಳಿದು ಬಸ್ಸು ಹತ್ತಿದರೆ ಚಿನಕುರಳಿ, ನಮ್ಮ ಪುಟ್ಟಗೌರಕ್ಕನ ಮನೆ. ನಾನು ಆ ಮನೆಗೆ ವರ್ಷಕ್ಕೊಮ್ಮೆ, ಗೌರಿ ಹಬ್ಬಕ್ಕೆ, ನೀನು ತೆಗೆದಿಟ್ಟ ಬಳೆ ಮತ್ತು ರವಿಕೆ ಕಣ ಹಿಡಿದುಕೊಂಡು ಹೋಗಿ, ನಾನೇ ತಂದೆನೆಂದು ಹೇಳಿ ಕೊಟ್ಟು ಬರುವವನು. ಅವಳು ನಿನ್ನ ವಿಷಯ ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಅಪ್ಪ ಕೆ.ಆರ್. ಪೇಟೆಯ ಮನೆಯಲ್ಲಿ ತೀರಿಕೊಂಡ ದಿನ, ಪಕ್ಕದ ಮನೆಯ ಕುಳ್ಳಯ್ಯ ಹೋಗಿ ಅವಳಿಗೆ ಸುದ್ದಿ ಮುಟ್ಟಿಸಿ, ಅವಳು ಬಸ್ಸು ಹಿಡಿದು ಬರುವಷ್ಟರಲ್ಲಿ ಚಿತೆಗೆ ಬೆಂಕಿ ಇಟ್ಟಾಗಿತ್ತು. ಅವಳು ನೋಡಿದ್ದು ಹೊಗೆಯನ್ನಷ್ಟೇ. ಮಗಳಿಗೆ ಅಪ್ಪನ ಮುಖ ತೋರಿಸಲು ಒಂದು ಗಂಟೆ ಕಾಯದವಳು ಎಂಥ ತಾಯಿ ಎಂದು ನಿನ್ನ ಮೇಲೆ ಎಗರಿದಳು. ‘ನೀನು ಸತ್ತಾಗ ನಾನೂ ಬರಕಿಲ್ಲ, ಈ ಕಡೀಕೆ ತಲೆ ಆಕೂ ಮಲಗಕಿಲ್ಲ’ ಎಂದಳು. ‘ಬರಬ್ಯಾಡ ಓಗು’ ಎಂದೆ ನೀನು. ಆ ಎರಡು ಮಾತಿಗೆ ಈಗ ಆರು ವರ್ಷ. ಆ ದಿನದ ಉಳಿದ ಸಂಗತಿ ನಿನಗೂ ನನಗೂ ಗೊತ್ತಿದೆ. ಹೋದ ಭಾನುವಾರ ರೈಲು ಪಾಂಡವಪುರದಲ್ಲಿ ನಿಂತಾಗ ನಾನು ನೋಟುಪುಸ್ತಕ ತೆಗೆದು, ಓದುವವನಂತೆ ತಲೆ ತಗ್ಗಿಸಿ ಕೂತಿದ್ದೆ.

ಅವತ್ತು ಶ್ರೀರಂಗಪಟ್ಟಣದ ಸರದಿ. ಸ್ಟೇಷನ್ನಿನಿಂದ ಜಟಕಾದಲ್ಲಿ ಗಂಜಾಂಗೆ ಹೋಗಿ ನಿಮಿಷಾಂಬೆಯ ದರ್ಶನ ಮಾಡಿ, ಹೊಳೆಯ ದಂಡೆಯಲ್ಲಿ ಚಿತ್ರಾನ್ನ ಮೊಸರನ್ನ ಉಂಡೆವು. ಎರಡನೆಯ ಜಾಗ ಪಶ್ಚಿಮವಾಹಿನಿ. ತಾತನ ಅಸ್ಥಿ ಬಿಟ್ಟ ನೀರು ಇದು ಎಂದು ಮಕ್ಕಳಿಗೆ ತೋರಿಸಬೇಕೆನಿಸಿತ್ತು. ತೋರಿಸಿದೆ. ರಾಹುಲ್ ಬಹಳ ಹೊತ್ತು ನೋಡಿ, ತಾತ ಈಗ ಎಲ್ಲಿಯವರೆಗೆ ಹೋಗಿರಬಹುದು ಎಂದು ಕೇಳಿದ. ಅಷ್ಟರಲ್ಲಿ ದಡದಲ್ಲಿ ಕ್ಷೌರದವರು ಕೂತಿರುವುದು ಕಂಡಿತು. ಹದಿನೈದು ದಿನದಿಂದ ನನ್ನ ತಲೆಯ ತುಂಬ ಬೆವರುಸಾಲೆ, ಕೂದಲು ತೆಗೆಸಿದರೇ ಗುಣ ಎಂದು ಡಾಕ್ಟರು ಹೇಳಿದ್ದರು. ಮುಂದೆಯೇ ಹೊಳೆ ಇದೆ, ಬೋಳಿಸಿಕೊಂಡು ಮುಳುಗಿದರೆ ತಂಪಾಗುತ್ತದೆ ಎಂದು ಒಬ್ಬನ ಮುಂದೆ ಕೂತೆ. ನಿನ್ನ ಮಗನ ಬುದ್ಧಿ ಎಲ್ಲಿಗೆ ಮೇಯಲು ಹೋಗಿತ್ತೋ. ತಲೆ ಮುಗಿಯಿತು. ಕಣ್ಣು ಮುಚ್ಚಿ ಆರಾಮವಾಗಿ ಕೂತಿದ್ದೆ. ಕತ್ತಿ ಕೆಳಗಿಳಿದು ಒಂದೇ ಎಳೆತಕ್ಕೆ ಅರ್ಧ ಮೀಸೆ ತೆಗೆದುಬಿಟ್ಟಿತು. ಹೌಹಾರಿ ಕೈ ಹಿಡಿದರೆ ಆತ ಸಾವಧಾನವಾಗಿ, ‘ಇಲ್ಲಿ ಕೂತೋರ್ಯಾರೂ ಮೀಸೆ ಉಳಿಸ್ಕಂಡು ಎದ್ದೋಗಿಲ್ಲ ಸಾಮಿ’ ಎಂದ. ಉಳಿದರ್ಧ ಇಟ್ಟುಕೊಂಡು ಏನು ಮಾಡಲಿ, ಅದನ್ನೂ ಒಪ್ಪಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಸುಧ ಮಾತ್ರ ನಗಲಿಲ್ಲ. ಹೆತ್ತವಳು ಬದುಕಿರುವಾಗ ಈ ದಡದಲ್ಲಿ ಮೀಸೆ ತೆಗೆಸುವುದುಂಟೇ ಎಂದು ಬೈದು, ನನ್ನನ್ನು ಮೂರು ಸಲ ಮುಳುಗಿಸಿ, ಮನೆಯಲ್ಲಿ ಚಿಮುಕಿಸಿ ದೋಷ ಕಳೆಯಲೆಂದು ಚೊಂಬಿನಲ್ಲಿ ಹೊಳೆಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನನ್ನ ಕೈಗೇ ಕೊಟ್ಟಳು.

ಇಷ್ಟಾದರೂ ಇನ್ನೂ ಮಧ್ಯಾಹ್ನ ಒಂದು ಗಂಟೆ. ನಮ್ಮ ರೈಲು ಇದ್ದದ್ದು ಸಂಜೆಗೆ. ಚಿನಕುರಳಿ ಅತ್ತೆಯ ಮನೆಯಲ್ಲಿ ಮೇಕೆಮರಿ ಇವೆ, ಅಲ್ಲಿಗೆ ಹೋಗೋಣ ಎಂದು ಮೇಘನ ಹಟ ಹಿಡಿದಳು. ಬೇಡ ಎಂದೆ. ಅವಳು ಅತ್ತಳು. ಆ ನೀರನ್ನು ನೋಡಿ ನನ್ನ ಮನಸ್ಸೂ ಯಾಕೋ ಮೆತ್ತಗಾಗಿತ್ತು. ನಾನು ಮಾಡಿದ ಕಟ್ಟಳೆಯನ್ನು ನಾನೇ ಮುರಿದು, ಪಾಂಡವಪುರಕ್ಕೊಂದು, ಅಲ್ಲಿಂದ ಚಿನಕುರಳಿಗೊಂದು ಬಸ್ಸು ಹತ್ತಿಸಿದೆ. ಅಕ್ಕನಿಗೆ ಬೆರಗಾಗಲಿ ಎಂದು ಸುಧಳನ್ನೂ ಮಕ್ಕಳನ್ನೂ ಪಕ್ಕದ ಗೋಡೆಯ ಮರೆಯಲ್ಲಿ ನಿಲ್ಲಿಸಿ, ಸದ್ದಿಲ್ಲದೆ ಹೋಗಿ ಅವಳ ಅಂಗಳದಲ್ಲಿ ನಿಂತೆ. ಬೋಳು ತಲೆ, ಮೀಸೆಯಿಲ್ಲದ ಮುಖ, ಹೆಗಲ ಮೇಲೆ ಒದ್ದೆ ಪಂಚೆ, ಕೈಯಲ್ಲಿ ಬಟ್ಟೆ ಕಟ್ಟಿದ ಚೊಂಬು. ಆಗಲೂ ನನಗೆ ಹೊಳೆಯಲಿಲ್ಲ ಅವ್ವ.

ಅಕ್ಕ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ತಲೆ ಎತ್ತಿ ನೋಡಿದಳು. ಮೊರ ಜಾರಿ ಕಾಳೆಲ್ಲ ಅಂಗಳಕ್ಕೆ ಚೆಲ್ಲಿತು. ಅವಳು ಅರಚಲಿಲ್ಲ. ತೀರಾ ಸಣ್ಣ ದನಿಯಲ್ಲಿ, ‘ಈ ಸಲಾನೂ ಕಾಯ್ನಿಲ್ವೇನ್ಲಾ?’ ಎಂದಳು. ನನ್ನ ನಾಲಗೆ ಬಿದ್ದುಹೋಯಿತು. ಅವಳು ಓಡಿಬಂದು ಚೊಂಬನ್ನು ನನ್ನ ಕೈಯಿಂದ ಕಿತ್ತುಕೊಂಡು, ಎದೆಗೆ ಅವುಚಿಕೊಂಡು ನೆಲಕ್ಕೆ ಕುಸಿದಳು. ‘ಬರಕಿಲ್ಲ ಅಂದದ್ದು ಬಾಯ್ಮಾತ್ಗೆ ಕಣವ್ವ’ ಎಂದು ಆ ಚೊಂಬಿಗೆ ಹೇಳಿದಳು. ಪ್ರತಿ ವರ್ಷದ ಬಳೆ ನಿನ್ನದೇ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ‘ನನ್ ಕೈ ಅಳತೆ ಅವ್ನಿಗೇನ್ ಗೊತ್ತು, ನೀನೇ ಕಳಿಸ್ತಿದ್ದಿದ್ದು’ ಎಂದು ಅತ್ತಳು. ಎರಡು ಸಲ ಬೆಂಗಳೂರಿಗೆ ಬಂದು ನಿನ್ನನ್ನು ನೋಡಬೇಕೆಂದು ಪಾಂಡವಪುರದ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ, ಅದು ನಿಂತ ಮೇಲೆ ಹತ್ತದೆ, ಕಂಡಕ್ಟರನ ಕೈಲಿ ಬೈಸಿಕೊಂಡು ಹಿಂದಕ್ಕೆ ಬಂದಿದ್ದಳಂತೆ. ಅದನ್ನೂ ಚೊಂಬಿಗೇ ಹೇಳಿದಳು. ಗೋಡೆಯ ಮರೆಯಿಂದ ಸುಧ ಓಡಿಬಂದಳು. ಆಗ ನನಗೆ ಮಾತು ಬಂತು. ‘ಅವ್ವ ಚೆಂದಾಗವ್ಳೆ ಕಣಕ್ಕ, ಬಿಂಡಿಗನವಿಲೆಲಿ ಕುರಿ ಕಾಯ್ತಾವ್ಳೆ’ ಎಂದೆ.

ಅಕ್ಕ ನನ್ನನ್ನೊಮ್ಮೆ, ಚೊಂಬನ್ನೊಮ್ಮೆ ನೋಡಿದಳು. ಆಮೇಲೆ ಮೊರದಲ್ಲಿ ನನಗೆ ಎಷ್ಟು ಏಟು ಬಿತ್ತೆಂದು ನಿನ್ನ ಮೊಮ್ಮಕ್ಕಳನ್ನು ಕೇಳು, ಅವು ಎಣಿಸಿಕೊಂಡಿವೆ. ಕಲ್ಲುಕ್ವಾರಿಯಿಂದ ಮನೆಗೆ ಬಂದ ನಾಗರಾಜು ಭಾವ ನನ್ನ ತಲೆ ನೋಡಿದವರೇ ಚಪ್ಪಲಿ ಬಿಟ್ಟು, ತಲೆಯ ಮೇಲಿನ ಟವೆಲ್ಲು ತೆಗೆದು, ಕಂಬಕ್ಕೆ ಒರಗಿ ಕೂತರು. ಅವರಿಗೂ ಮೊದಲಿನಿಂದ ಎಲ್ಲ ಹೇಳಬೇಕಾಯಿತು. ಬದುಕಿರುವವರನ್ನು ಸತ್ತರೆಂದು ಅತ್ತರೆ ಆಯಸ್ಸು ಹೆಚ್ಚಾಗುತ್ತದಂತೆ, ಆ ಲೆಕ್ಕದಲ್ಲಿ ನೀನಿನ್ನು ಇಪ್ಪತ್ತು ವರ್ಷ ಅಲುಗಾಡುವುದಿಲ್ಲ ಎಂದು ಭಾವ ನಕ್ಕರು. ಅಕ್ಕ ಮುದ್ದೆ, ಹುರುಳಿ ಬಸ್ಸಾರು ಮಾಡಿ ಬಡಿಸಿದಳು. ಇಷ್ಟೆಲ್ಲ ಅತ್ತವಳು ಇನ್ನು ನಿನ್ನನ್ನು ನೋಡಲು ಬಂದೇ ಬರುತ್ತಾಳೆ ಎಂದು ನಾನು ತಿಳಿದಿದ್ದೆ. ಹೊರಡುವಾಗ ಕೇಳಿದೆ. ಅವಳ ಮುಖ ಮತ್ತೆ ಬಿಗಿಯಿತು. ‘ಅವತ್ತು ಕಾಯ್ದೆ ಇದ್ದೋಳು ಅವ್ಳು. ನಾನ್ಯಾಕೆ ಮೊದ್ಲು ಓಗ್ಲಿ’ ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿತ್ತು ಅವ್ವ. ಕೊಡಲಿಲ್ಲ.

ಸಂಜೆಯ ರೈಲಿನಲ್ಲಿ ಮೇಘನ ಕಿಟಕಿಗೆ ಒರಗಿ ನಿದ್ದೆ ಹೋದಳು. ನಾನು ಅವಳ ಪಕ್ಕ ಕೂತು ಯೋಚಿಸಿದೆ. ಸಂಜೆಗೆ ಮನೆ ಸೇರಬೇಕು, ಎಲ್ಲೂ ತಡವಾಗಬಾರದು ಎಂದು ಇಷ್ಟೊಂದು ಕಟ್ಟಳೆ ಮಾಡುವ ನಾನು, ಆರು ವರ್ಷ ತಡವಾಗಿರುವುದನ್ನು ಯಾವ ಪುಸ್ತಕದಲ್ಲೂ ಬರೆದುಕೊಂಡಿಲ್ಲ. ನಿನಗೆ ಎಪ್ಪತ್ತಾಗುತ್ತಾ ಬಂತು. ಅಕ್ಕ ಅವತ್ತು ಚೊಂಬಿಗೆ ಹೇಳಿದ್ದನ್ನು ನೀನು ನಿನ್ನ ಕಿವಿಯಿಂದ ಕೇಳಬೇಕು, ಅಷ್ಟೇ ನನ್ನ ಆಸೆ. ಅದಕ್ಕೇ ಒಂದಕ್ಷರ ಬಿಡದೆ ಬರೆದಿದ್ದೇನೆ.

ಮಾವನಿಗೆ ನಮ್ಮೆಲ್ಲರ ನಮಸ್ಕಾರ. ಕೂದಲು ಬರುವವರೆಗೆ ನಿನ್ನ ಎದುರಿಗೆ ಬರಕೂಡದೆಂದು ಸುಧ ತಾಕೀತು ಮಾಡಿದ್ದಾಳೆ, ಹಾಗಾಗಿ ದೂರದಿಂದಲೇ ಕಾಲಿಗೆ ಬೀಳುತ್ತೇನೆ. ರಾಗಿಹಿಟ್ಟು ಮುಗಿದಿದೆ, ಬರುವಾಗ ತಾ. ನಮ್ಮನ್ನೆಲ್ಲ ಹರಸು.

ನಿನ್ನ ಬೋಳು ತಲೆಯ ಮಗ,
ಸಿದ್ದರಾಮು

ಮರೆಯಬಾರದ ಮಾತು: ಮೇಲಿನದೆಲ್ಲ ಗುರುವಾರ ಬರೆದಿಟ್ಟದ್ದು. ಇದು ಭಾನುವಾರ, ರೈಲಿನಲ್ಲಿ. ಮಂಡ್ಯ ದಾಟಿದ್ದೇವೆ, ಅಕ್ಷರ ಕುಣಿಯುತ್ತಿವೆ. ಮಾವನ ಕಣ್ಣಿಗೆ ಹಾಕುವ ಔಷಧಿ ನಾಗಮಂಗಲದಲ್ಲಿ ಸಿಕ್ಕಲಿಲ್ಲ ಎಂದು ನರಸಯ್ಯ ಹೇಳಿದ್ದನಲ್ಲ, ಅದನ್ನು ತಂದಿದ್ದೇನೆ. ಪಾಂಡವಪುರದ ಪ್ಲಾಟ್‌ಫಾರಂನಲ್ಲಿ ಅದನ್ನು ನನ್ನಿಂದ ಈಸಿಕೊಂಡು ಬಿಂಡಿಗನವಿಲೆಗೆ ಮುಟ್ಟಿಸಲು ಅಕ್ಕನನ್ನು ಅವತ್ತೇ ಒಪ್ಪಿಸಿದ್ದೆ. ‘ಮಾವನ್ನ ನೋಡಕ್ಕೆ ಓಯ್ತೀನಿ, ಅವ್ವನ್ನಲ್ಲ’ ಎಂಬ ಷರತ್ತಿನ ಮೇಲೆ ಒಪ್ಪಿದಳು. ಔಷಧಿಯ ಜೊತೆಗೆ ಈ ಲಕೋಟೆ. ಆ ಮನೆಯಲ್ಲಿ ಓದು ಬಲ್ಲವರು ಬೇರೆ ಯಾರೂ ಇಲ್ಲ, ನೀನು ಓದಿಸಿಕೊಳ್ಳದೆ ಬಿಡುವವಳಲ್ಲ. ಕೆ.ಆರ್. ಪೇಟೆಯಲ್ಲಿ ನಿನಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವಳೂ ಅವಳೇ ಅಲ್ಲವೇ. ಬಾಯಿ ಬಿಡಬೇಡ ಎಂದು ನೀನು ನನ್ನಿಂದ ಭಾಷೆ ತೆಗೆದುಕೊಂಡಿದ್ದೆ ಅವ್ವ. ಬಾಯಿ ಬಿಟ್ಟಿಲ್ಲ, ಬರೆಯುತ್ತಿದ್ದೇನೆ.

ಅಕ್ಕ, ಇಲ್ಲಿಂದ ಮುಂದಿನದು ನಿನಗೆ. ಆದರೂ ಗಟ್ಟಿಯಾಗಿಯೇ ಓದು. ಅವತ್ತು ಕಾಯದೆ ಇದ್ದದ್ದು ಅವ್ವ ಅಲ್ಲ, ನಾನು. ಮೋಡ ಕವಿದಿತ್ತು, ಸೌದೆ ನೆನೆದರೆ ಏನು ಗತಿ ಎಂದು ಹಿರಿಯರು ಅವಸರ ಮಾಡಿದರು, ನಾನು ಹೆದರಿದೆ. ಮಗಳು ಬರುವವರೆಗೆ ಕಾಯಿ ಎಂದು ಅವ್ವ ನನ್ನ ಕಾಲು ಹಿಡಿದಳು. ಕಾಲು ಬಿಡಿಸಿಕೊಂಡು ಚಟ್ಟ ಎತ್ತಿಸಿದವನು ನಾನು. ಮಳೆ ಬರಲೇ ಇಲ್ಲ. ನೀನು ಬಂದು ಯಾರು ಹೇಳಿದ್ದು ಎಂದು ಕೇಳಿದಾಗ, ನಾನು ಉಗುಳು ನುಂಗುವಷ್ಟರಲ್ಲಿ ಅವ್ವ ‘ನಾನೇ ಯೋಳ್ದೆ’ ಎಂದುಬಿಟ್ಟಳು. ಆಮೇಲೆ ನನಗೆ ಹೇಳಿದ್ದು ಇಷ್ಟು: ‘ನನ್ ಮ್ಯಾಲಿನ್ ಮುನಿಸು ನನ್ ಜೊತೇಲೇ ಓಯ್ತದೆ. ನಿನ್ ಮ್ಯಾಲಾದ್ರೆ ಅವಳ್ಗೆ ತವರೇ ಇಲ್ದಂಗಾಯ್ತದೆ ಕಣ್ಲಾ.’

ಪ್ಲಾಟ್‌ಫಾರಂ ಕಾಣುತ್ತಿದೆ. ನೀನು ನಿಂತಿರುವುದೂ ಕಾಣುತ್ತಿದೆ, ಕೈಯಲ್ಲಿ ಏನೋ ಗಂಟಿದೆ, ಮಕ್ಕಳಿಗೆ ಇರಬೇಕು. ಎರಡು ನಿಮಿಷ ಏನೂ ನಡೆದಿಲ್ಲವೆಂಬ ಹಾಗೆ ಮಾತಾಡಿ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಮುಂದಿನ ಭಾನುವಾರ ಇದೇ ರೈಲಿಗೆ ಬರುತ್ತೇನೆ. ನನ್ನ ಮುಖ ನೋಡಬೇಕೆನಿಸಿದರೆ ಬಂದು ನಿಲ್ಲು, ಇಳಿಯುತ್ತೇನೆ. ನೀನು ಇಲ್ಲದಿದ್ದರೆ ಅದರ ಮುಂದಿನ ಭಾನುವಾರವೂ ಬರುತ್ತೇನೆ. ಈ ಸಲ ಕಾಯುತ್ತೇನೆ.